ಜಾರಿಗೆ ಬಾರದ ನಿಯಮ

ಸಂಘಮಿತ್ರ ಅಮೆರಿಕಕ್ಕೆ ಹೋದಾಗಿನಿಂದ ಒಂದು ಭಾನುವಾರವೂ ಫೋನ್ ತಪ್ಪಿಸಿದವಳಲ್ಲ. ಶಿಡ್ಲಘಟ್ಟದ ಮನೆಯಲ್ಲಿ ಅಣ್ಣ ಮುನೇಶ್ ಮೊಬೈಲನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಇಡುತ್ತಿದ್ದ. ಅಮ್ಮ ಆದಿಲಕ್ಷ್ಮಮ್ಮ ಕಾಫಿ ಲೋಟ ಹಿಡಿದು ಎದುರಿಗೆ ಕೂರುತ್ತಿದ್ದಳು. ಬೋರ್‌ವೆಲ್ ನೀರಿನಿಂದ ಫ್ಲೋರೈಡ್ ತೆಗೆಯುವುದು ಹೇಗೆ ಎಂಬುದರ ಮೇಲೆ ಮಗಳು ಪಿಎಚ್‌.ಡಿ. ಮಾಡುತ್ತಿದ್ದಾಳೆ ಎಂಬುದಷ್ಟೇ ಆ ತಾಯಿಗೆ ಗೊತ್ತಿತ್ತು. ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕಡೆ ಹತ್ತೊಂಬತ್ತು ವರ್ಷ ಬಿಸಿನೀರಿನಲ್ಲಿ ಕೈ ಆಡಿಸಿದ್ದವಳು ಅವಳು. ಬೆರಳ ತುದಿಗಳು ಬೆಳ್ಳಗೆ ಸುಲಿದು ಹೋಗಿದ್ದವು.

ಆಗಸ್ಟ್ ಕೊನೆಯ ಭಾನುವಾರ ಸಂಘಮಿತ್ರಳ ಮುಖ ಸಪ್ಪಗಿತ್ತು.

"ಇಲ್ಲಿ ಸ್ಟೂಡೆಂಟ್ ವೀಸಾಗೆ ಹೊಸ ರೂಲ್ ತರ್ತಾರಂತೆ ಅಣ್ಣ. ಇಷ್ಟು ದಿನ ಓದು ಮುಗಿಯೋವರ್ಗೂ ಇರಬಹುದಿತ್ತು. ಇನ್ಮೇಲೆ ನಾಲ್ಕು ವರ್ಷ ಅಷ್ಟೇ ಅಂತೆ. ಆಮೇಲೆ ಅರ್ಜಿ ಹಾಕ್ಕೊಂಡು, ಅವರು ಒಪ್ಪಿದ್ರೆ ಉಂಟು."

"ನಿಂದು ಐದನೇ ವರ್ಷ ಅಲ್ವೇನಮ್ಮ?"

"ಹೂಂ. ಇನ್ನೂ ಒಂದೂವರೆ ವರ್ಷ ಬೇಕು. ಈಗ್ಲೇ ಜಾರಿಯಾಗಿಲ್ಲ, ಬರೀ ಪ್ರಸ್ತಾಪ. ಆದ್ರೆ ಒಳಗಿರೋರಿಗೆ ಒಂಥರ, ಹೊರಗೆ ಹೋಗಿ ಬರೋರಿಗೆ ಇನ್ನೊಂಥರ ಅಂತಾರೆ. ನನ್ನ ವೀಸಾ ಮುದ್ರೆ ಬೇರೆ ಜೂನ್‌ಗೇ ಮುಗಿದಿದೆ. ಅಲ್ಲಿಗೆ ಬಂದ್ರೆ ಮತ್ತೆ ಇಂಟರ್‌ವ್ಯೂಗೆ ಹೋಗ್ಬೇಕು. ತೀರಾ ಅನಿವಾರ್ಯ ಅಲ್ದಿದ್ರೆ ದೇಶ ಬಿಡಬೇಡಿ ಅಂತ ಯೂನಿವರ್ಸಿಟಿಯೋರು ಮೇಲ್ ಕಳಿಸಿದಾರೆ."

ಡಿಸೆಂಬರಿನಲ್ಲಿ ಬರುವ ಯೋಚನೆಯನ್ನು ಅವಳು ಕೈಬಿಟ್ಟಳು. ಅಮ್ಮ ಲೋಟ ಕೆಳಗಿಟ್ಟು, "ಬರದಿದ್ರೆ ಪರವಾಗಿಲ್ಲ ಬಿಡು ನಾಯನಾ, ಓದು ಮುಗಿಸ್ಕೊಂಡೇ ಬಾ" ಅಂದಳು.

ಅದಾದ ಮೂರೇ ವಾರಕ್ಕೆ ಅಮ್ಮನ ಕಾಲು ಊದಿಕೊಂಡವು. ಮುನೇಶ್ ಅವಳನ್ನು ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದ. ಎರಡು ಮೂತ್ರಪಿಂಡಗಳೂ ಬಹುಪಾಲು ನಿಂತುಹೋಗಿವೆ, ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು ಎಂದರು ಡಾಕ್ಟರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಮ್ಮ ಮಗನ ತೋಳು ಹಿಡಿದು ನಿಲ್ಲಿಸಿದಳು.

"ಮಿತ್ರಂಗೆ ಹೇಳ್ಬೇಡ ಕಣೋ. ಹೇಳಿದ್ರೆ ಓಡಿ ಬರ್ತಾಳೆ. ಬಂದ್ರೆ ಅವಳನ್ನ ಮತ್ತೆ ಒಳಗೆ ಬಿಡ್ತಾರೋ ಇಲ್ವೋ. ನನ್ನಾಣೆ."

ಮುನೇಶನಿಗೆ ಆ ಮಾತು ಭಾರವೆನಿಸಲಿಲ್ಲ, ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಅಪ್ಪ ನಲ್ಲಪ್ಪ ತೀರಿಕೊಂಡಾಗ ಅವನು ಎಂ.ಎಸ್ಸಿ. ಅರ್ಧಕ್ಕೇ ಬಿಟ್ಟು ಪೆರೇಸಂದ್ರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ. ತಂಗಿಯ ಓದು ನಿಲ್ಲಬಾರದು ಎಂದೇ ಹಾಗೆ ಮಾಡಿದ್ದ. ಅವಳ ಓದು ಈಗ ಅರ್ಧಕ್ಕೆ ನಿಂತರೆ ತಾನು ಬಿಟ್ಟಿದ್ದಕ್ಕೂ ಅರ್ಥ ಉಳಿಯುವುದಿಲ್ಲ ಎಂಬ ಭಯ ಅವನೊಳಗಿತ್ತು. ಅದನ್ನು ಅವನು ಯಾರ ಹತ್ತಿರವೂ ಆಡಿರಲಿಲ್ಲ.

ಮಂಗಳವಾರ, ಶುಕ್ರವಾರ ಡಯಾಲಿಸಿಸ್. ಅಮ್ಮನ ಕತ್ತಿನ ಪಕ್ಕಕ್ಕೆ ಪೈಪು ಹಾಕಿ ಪಟ್ಟಿ ಅಂಟಿಸಿದ್ದರು. ಭಾನುವಾರ ಫೋನ್ ಬರುವ ಹೊತ್ತಿಗೆ ಅವಳು ಸೆರಗನ್ನು ಕತ್ತಿನ ಸುತ್ತ ಹೊದ್ದು ಕೂರುತ್ತಿದ್ದಳು.

"ಯಾಕಮ್ಮ, ಚಳೀನಾ?"

"ಹೂಂ ಕಣೇ, ಈ ಸಲ ಚಳಿ ಬೇಗ ಬಂದ್ಬಿಡ್ತು."

ದನಿ ಯಾಕೆ ಸಣ್ಣಗಾಗಿದೆ ಎಂದರೆ ನೆಗಡಿ, ಮುಖ ಯಾಕೆ ಊದಿದೆ ಎಂದರೆ ನಿದ್ದೆ. ಉಳಿದದ್ದನ್ನು ಮುನೇಶ್ ಸೇರಿಸುತ್ತಿದ್ದ. ಸುಳ್ಳು ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ.

ನವೆಂಬರಿನ ಒಂದು ಶುಕ್ರವಾರ. ರಕ್ತ ಹೊರಗೆ ಬಂದು ಯಂತ್ರದಲ್ಲಿ ಸುತ್ತಿ ಒಳಗೆ ಹೋಗುತ್ತಿತ್ತು. ಅಮ್ಮ ಕಣ್ಣು ಮುಚ್ಚಿಕೊಂಡೇ ಕರೆದಳು.

"ಮುನೇಶ, ಮಿತ್ರಂಗೆ ಹೇಳ್ಬಿಡಪ್ಪ. ಒಂದ್ಸಲ ನೋಡ್ಬೇಕು ಅನ್ನಿಸ್ತದೆ."

"ನೀನೇ ತಾನೇ ಆಣೆ ಹಾಕಿದ್ದು?"

"ಹಾಕಿದ್ದೆ. ಈಗ ನಾನೇ ಹೇಳ್ತಿದೀನಲ್ಲ. ನಂಗೆ ಹೆದರಿಕೆ ಆಗ್ತದೆ ಕಣೋ."

"ಇನ್ನೆರಡು ತಿಂಗಳಲ್ಲಿ ಆ ರೂಲ್ ಏನಾಗ್ತದೆ ಅಂತ ಗೊತ್ತಾಗ್ತದಮ್ಮ. ಆಮೇಲೆ ಕರೆಸೋಣ. ಅಲ್ಲೀವರೆಗೂ ನೀನು ಗಟ್ಟಿಯಾಗೇ ಇರ್ತೀಯ."

ಅಮ್ಮ "ಆಯ್ತು ಬಿಡು. ನಿಂಗೇ ಗೊತ್ತು" ಎಂದಳು. ಆ ಭಾನುವಾರ ಫೋನ್ ಬಂದಾಗ ಬಾಯಿ ತೆರೆಯುವ ಮುಂಚೆ ಅವಳು ಮಗನ ಮುಖ ನೋಡಿದಳು. ಅವನು ಬೇಡವೆಂದು ಸಣ್ಣಗೆ ತಲೆ ಅಲ್ಲಾಡಿಸಿದ. "ಊಟ ಆಯ್ತಾ ನಾಯನಾ?" ಎಂದಷ್ಟೇ ಕೇಳಿದಳು.

ಡಿಸೆಂಬರಿನಲ್ಲಿ ಸಂಘಮಿತ್ರ ಅಣ್ಣನೊಬ್ಬನಿಗೇ ಫೋನ್ ಮಾಡಿದಳು. ಶಾಲೆಯ ಮೈದಾನದ ಹುಣಸೆ ಮರದ ಕೆಳಗೆ ನಿಂತು ಮುನೇಶ್ ಮಾತಾಡಿದ.

"ಅಣ್ಣ, ನಿಜ ಹೇಳು. ಅಮ್ಮಂಗೆ ಏನೋ ಆಗಿದೆ. ಬರ್ಲಾ? ರೂಲ್ ಗೀಲ್ ಏನಾದ್ರೂ ಆಗ್ಲಿ, ಬಂದ್ಬಿಡ್ತೀನಿ."

ಗಂಟೆ ಹೊಡೆಯಿತು. ಮಕ್ಕಳು ಅವನ ಪಕ್ಕದಲ್ಲೇ ತರಗತಿಗಳ ಕಡೆ ಓಡಿದರು.

"ಏನೂ ಆಗಿಲ್ಲ ಕಣಮ್ಮ. ಬರಬೇಡ" ಅಂದ.

ಜನವರಿಯ ಒಂದು ಮಂಗಳವಾರ ಬೆಳಿಗ್ಗೆ, ಆಸ್ಪತ್ರೆಗೆ ಹೊರಡಲು ಸೀರೆ ಉಟ್ಟು ಕೂತಿದ್ದ ಆದಿಲಕ್ಷ್ಮಮ್ಮ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಹೃದಯ ನಿಂತುಹೋಗಿತ್ತು.

ನಂದಿಯಿಂದ ಸೋದರಮಾವ ಗಂಗರಾಜು ಬಂದ. ಮಿತ್ರ ಬರುವವರೆಗೂ ಕಾಯೋಣ ಎಂದು ಅವನೇ ಐಸ್ ಪೆಟ್ಟಿಗೆ ತರಿಸಿದ. ಸಂಘಮಿತ್ರ ಗುರುವಾರ ಮಧ್ಯಾಹ್ನ ಬಂದಿಳಿದಳು. ಪೆಟ್ಟಿಗೆಯ ಗಾಜಿನ ಮೇಲೆ ಬಾಗಿದವಳ ಕಣ್ಣು ಅಮ್ಮನ ಕತ್ತಿನ ಮೇಲೆ ನಿಂತಿತು. ಪೈಪು ತೆಗೆದ ಜಾಗದಲ್ಲಿ ಹತ್ತಿ ಅಂಟಿಸಿತ್ತು.

"ಯಾವಾಗಿಂದ?"

"ಸೆಪ್ಟೆಂಬರಿಂದ."

"ಯಾಕ್ ಹೇಳ್ಲಿಲ್ಲ?"

"ಅಮ್ಮನೇ ಆಣೆ ಹಾಕಿದ್ಲು."

ಅದು ಸುಳ್ಳಲ್ಲ. ಅಷ್ಟಕ್ಕೇ ಅವನು ನಿಲ್ಲಿಸಿದ. ಬುದ್ಧವಂದನೆ ಹೇಳಿ, ನಲ್ಲಪ್ಪನ ಪಕ್ಕದಲ್ಲೇ ಮಣ್ಣು ಮಾಡಿದರು.

ಸಂಘಮಿತ್ರಳಿಗೆ ವೀಸಾ ಇಂಟರ್‌ವ್ಯೂ ಸಿಕ್ಕಿದ್ದು ಮೇ ತಿಂಗಳಿನಲ್ಲಿ. ಅಲ್ಲಿಯವರೆಗೆ ಆ ಮನೆಯಲ್ಲಿ ಇರಲಾರದೆ ಮಾವನ ಮನೆಗೆ ಹೋದಳು. ಅವಳು ಮಾಡುತ್ತಿದ್ದ ಪ್ರಯೋಗಗಳನ್ನು ಪ್ರೊಫೆಸರ್ ಇನ್ನೊಬ್ಬ ವಿದ್ಯಾರ್ಥಿಗೆ ವಹಿಸಿದರು. ಮೇ ತಿಂಗಳಲ್ಲಿ ಚೆನ್ನೈಗೆ ಹೋಗಿ ಬಂದಳು. ಇನ್ನಷ್ಟು ಪರಿಶೀಲನೆ ಬೇಕು ಎಂದು ಒಂದು ಚೀಟಿ ಕೊಟ್ಟು ಕಳಿಸಿದ್ದರು. ಮನೆಯವರೆಲ್ಲ ಅಷ್ಟು ಹೆದರಿದ್ದ ಆ ನಿಯಮ ಮಾತ್ರ ಆಗಲೂ ಪ್ರಸ್ತಾಪವಾಗಿಯೇ ಉಳಿದಿತ್ತು.

ಜೂನಿನ ಒಂದು ಭಾನುವಾರ ಮುನೇಶ್ ನಂದಿಗೆ ಹೋದ. ಅಣ್ಣ ತಂಗಿ ಜಗಲಿಯ ಮೇಲೆ ಕೂತರು. ಎದುರು ತೋಟದ ದ್ರಾಕ್ಷಿ ಚಪ್ಪರಕ್ಕೆ ಯಾರೋ ಔಷಧಿ ಹೊಡೆಯುತ್ತಿದ್ದರು.

"ನಿನ್ಮೇಲೆ ಕೋಪ ಇಲ್ಲ ಅಣ್ಣ" ಅಂದಳು ಸಂಘಮಿತ್ರ. "ನೀನು ಅಮ್ಮನ ಮಾತು ನಡೆಸ್ದೆ. ಅಮ್ಮನ ಮೇಲೇ ಕೋಪ. ಸಾಯೋವಾಗ್ಲೂ ಅವಳಿಗೆ ನನ್ನ ಓದೇ ಬೇಕಾಯ್ತು. ಒಂದ್ಸಲ ನನ್ನ ನೋಡ್ಬೇಕು ಅಂತಾನೂ ಅನ್ನಿಸ್ಲಿಲ್ವಲ್ಲ. ಎಂಥ ಕಲ್ಲು ಮನಸ್ಸು."

ಸುಮ್ಮನಿದ್ದಿದ್ದರೆ ಮುನೇಶನ ಪಾಲಿಗೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಸತ್ತವಳ ಮೇಲೆ ಆ ಮಾತು ಬೀಳುವುದನ್ನು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

"ಅನ್ನಿಸ್ತು ಕಣಮ್ಮ. ಕೇಳಿದ್ಲು. ನವೆಂಬರಲ್ಲಿ, ಡಯಾಲಿಸಿಸ್ ಮೇಲೆ ಮಲಗಿದ್ದಾಗ. ಮಿತ್ರಂಗೆ ಹೇಳ್ಬಿಡು, ಹೆದರಿಕೆ ಆಗ್ತದೆ ಅಂದ್ಲು. ನಾನೇ ಬೇಡ ಅಂದೆ."

ಸಂಘಮಿತ್ರ ಅವನ ಕಡೆ ತಿರುಗಿದಳು.

"ಡಿಸೆಂಬರಲ್ಲಿ ನಾನು ಕೇಳಿದ್ನಲ್ಲ. ಬರ್ಲಾ ಅಂತ."

"ಹೂಂ."

"ಆಗ್ಲೂ."

"ಆಗ್ಲೂ."

ಅವಳು ಎದ್ದು ಒಳಗೆ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಳುವಿನ ಸದ್ದೂ ಕೇಳಲಿಲ್ಲ. ಮುನೇಶ್ ಬಿಸಿಲು ಇಳಿಯುವವರೆಗೆ ಜಗಲಿಯ ಮೇಲೆಯೇ ಕೂತಿದ್ದ. ಕೊನೆಗೆ ಗಂಗರಾಜು ಹೊರಗೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಹೊರಡಪ್ಪ. ಬಸ್ಸು ತಪ್ಪಿ ಹೋಗ್ತದೆ. ಅವಳು ಇವತ್ತು ಬಾಗಿಲು ತೆಗಿಯಲ್ಲ."

ಅದರ ಮುಂದಿನ ಭಾನುವಾರವೂ ಅವಳು ಹೊರಗೆ ಬರಲಿಲ್ಲ. ಮೂರನೆಯ ಭಾನುವಾರ ಹೋದಾಗ ಅವಳು ಚಿಂತಾಮಣಿಯಲ್ಲಿ ನೀರು ಪರೀಕ್ಷೆ ಮಾಡುವ ಕಡೆ ತಾತ್ಕಾಲಿಕ ಕೆಲಸಕ್ಕೆ ಸೇರಿ, ಅಲ್ಲೇ ರೂಮು ಮಾಡಿದ್ದಾಳೆ ಎಂದು ಮಾವ ಹೇಳಿದ. ಮುನೇಶ್ ವಿಳಾಸ ಕೇಳಿದ. ಗಂಗರಾಜು ದ್ರಾಕ್ಷಿ ಚಪ್ಪರದ ಕಡೆ ತಿರುಗಿದ.

"ಕೊಡಬೇಡ ಅಂದಿದ್ದಾಳೆ ಕಣಪ್ಪ" ಅಂದ.