ಶಿವರಾತ್ರಿಗೇ ಅರಳಿದ ಕಕ್ಕೆ

ಬಿತ್ತುವಾಗ ಸಮವಾಗಿ ಹರಡಲೆಂದು ಬೆಟ್ಟಮ್ಮ ಮೊರದಲ್ಲಿ ಎಳ್ಳಿಗೆ ಮರಳು ಬೆರೆಸುತ್ತಿದ್ದಳು. ಊರಿನ ರೈತರಿಗೆ ಬೇಸಾಯದ ಸಲಹೆ ಹೇಳಲು ತರಬೇತಿ ಪಡೆದಿದ್ದ ಪಕ್ಕದ ಮನೆಯ ಸ್ನೇಹ ಬೇಲಿ ದಾಟಿ ಬಂದು ಮೊರದ ಅಂಚು ಹಿಡಿದಳು.

“ಅತ್ತೆ, ತಡೀರಿ. ಮಡಿಕೇಲಿ ಇನ್ನೆಷ್ಟದೆ ಬೀಜ?”

“ಮಡಿಕೆ ಖಾಲಿ, ಮೊರದಲ್ಲಿರೋದು ಇಷ್ಟೇ ಕಣವ್ವ. ನಮ್ಮತ್ತೆ ಕಾಲದ ಕರಿ ಎಳ್ಳು. ಓದೊರ್ಸ ಬಿತ್ತಿದ್ದೆಲ್ಲ ಮೊಳಕೇಲೇ ಒಣಗೋಯ್ತು. ಇದೂ ಓದ್ರೆ ಈ ತಳೀನೇ ಇಲ್ಲ.”

“ಗೊತ್ತಿದ್ದೂ ಬಿತ್ತೀರಾ?”

ಬೆಟ್ಟಮ್ಮನ ಗಂಡ ದ್ಯಾವಯ್ಯ ಬಿತ್ತನೆ ಕುಕ್ಕೆಗೆ ಕಕ್ಕೆ ಹೂವಿನ ಗೊಂಚಲು ಕಟ್ಟುತ್ತಿದ್ದ. ಹೊಲದ ಬದುವಿನ ಕಕ್ಕೆ ಮರ ಹಳದಿಯಾದ ವಾರದಲ್ಲೇ ಎಳ್ಳು ಬಿತ್ತುವುದು ನಾಗಮಂಗಲ ಕಡೆಯ ಆ ಮನೆಯ ರೂಢಿ. ಯುಗಾದಿ ಕಳೆದು ಮೊದಲ ಮಳೆಯ ಹೊತ್ತಿಗೆ ಅರಳಬೇಕಾದ ಮರ ಎರಡು ವರ್ಷದಿಂದ ಶಿವರಾತ್ರಿಗೇ ಅರಳುತ್ತಿತ್ತು.

“ಮರದ್ ತುಂಬಾ ಊವು, ಕಣ್ ಕಾಣಾಕಿಲ್ವಾ?” ಎಂದ ದ್ಯಾವಯ್ಯ. “ಕೃಷಿ ಸಖಿ ಆಗ್ಬುಟ್ರೆ ಮರಕ್ಕಿಂತ ಬುದ್ವಂತೆ ಆಗ್ಬುಟ್ಯಾ?”

“ಮರ ಬಿಸ್ಲು ನೋಡಿ ಹೂ ಬುಟ್ಟದೆ ಮಾವ. ಗಾಡಿ, ಕಾರ್ಖಾನೆ ಹೊಗೆ ಜಾಸ್ತಿಯಾಗಿ ಚಳಿಗಾಲನೇ ಬಿಸಿಯಾಯ್ತಾ ಅದೆ. ಬಿಸ್ಲು ಮುಂಚೆ ಬಂತು, ಹೂವೂ ಬಂತು. ಮಳೆ ಬಂತಾ?”

ದ್ಯಾವಯ್ಯ ಆಕಾಶ ನೋಡಿದ, ಮರ ನೋಡಿದ.

“ಅಂಗಾರೆ ಮರ ಸುಳ್ಳಾ?”

“ಸುಳ್ಳಲ್ಲ. ಅದ್ಕೂ ತಬ್ಬಿಬ್ಬಾಗದೆ.”

“ಮತ್ಯಾವತ್ತು ಬಿತ್ಲಿ? ದಿನ ನೀನೇ ಏಳು.”

“ದಿನ ನಂಗೂ ಗೊತ್ತಿಲ್ಲ. ಮಣ್ಣು ಮುಟ್ಟಿ ನೋಡವ, ಬನ್ನಿ.”

ಸ್ನೇಹ ಹೊಲದಲ್ಲಿ ಗೇಣು ಆಳದ ಗುಂಡಿ ತೆಗೆದಳು. ದ್ಯಾವಯ್ಯ ತಳದ ಮಣ್ಣನ್ನು ಮುಷ್ಟಿಯಲ್ಲಿ ಅದುಮಿದ. ಬೆರಳು ಬಿಚ್ಚಿದರೆ ಹುಡಿಯಾಗಿ ಜಾರಿತು. ಇನ್ನೊಮ್ಮೆ ಅದುಮಿದ. ಮತ್ತೆ ಹುಡಿ.

“ಇದು ಉಂಡೆ ಕಟ್ಟೋ ದಿನ ಬಿತ್ತಿ,” ಎಂದಳು ಸ್ನೇಹ.

ಓದುತ್ತಿರುವ ನೀವೂ ಹೂ ಕಂಡ ಕೂಡಲೇ ಬೀಜ ಸುರಿಯಬೇಡಿ. ನಿಮ್ಮ ಹೊಲದಲ್ಲೂ ಒಂದು ಗೇಣು ಅಗೆಯಿರಿ, ಮಣ್ಣು ಅದುಮಿ ನೋಡಿ. ಮರ ಅರಳಿದ ದಿನವನ್ನು ಪ್ರತಿ ವರ್ಷ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಕಾಲ ಎಷ್ಟು ಸರಿದಿದೆ ಎಂದು ನಿಮಗೇ ಕಾಣುತ್ತದೆ. ಸಿಟ್ಟಿಗೆ ಮರವನ್ನು ಮಾತ್ರ ಕಡಿಯಬೇಡಿ, ಜೇನಿಗೆ ಅದು ಬೇಕು.

ಇತ್ತ ದ್ಯಾವಯ್ಯನ ಬದುವಿಗೆ ಪಕ್ಕದ ಹೊಲದ ನಾಗರಾಜು ಟ್ರಾಕ್ಟರು ತಂದು ನಿಲ್ಲಿಸಿದ.

“ಮಾವ, ಬಾಡ್ಗೆ ಇಲ್ದೆ ಒಂದ್ ಸುತ್ತು ಉತ್ತುಕೊಡ್ತೀನಿ, ಈಗ್ಲೇ ಬಿತ್ಬುಡು. ನಾಳೆ ಗಾಡಿ ಬೆಳ್ಳೂರಿಗೆ ಓಯ್ತದೆ. ಆಮೇಲೆ ಬಂದು ನನ್ ಕೇಳ್ಬ್ಯಾಡ.”

ಮೇಲೆ ಮರ ಇನ್ನೂ ಹಳದಿಯಾಗಿ ತೂಗುತ್ತಿತ್ತು. ದ್ಯಾವಯ್ಯ ಅಂಗೈಯ ಧೂಳು ನೋಡಿಕೊಂಡ. ಕುಕ್ಕೆಯ ಹೂ ಬಿಚ್ಚಿ ಬೆಟ್ಟಮ್ಮನ ಕೈಗೆ ಕೊಟ್ಟ.

“ಬ್ಯಾಡ ಕಣ್ಲಾ. ನಾನ್ ಬಿತ್ತಾಕಿಲ್ಲ.”