ಎಡಗಾಲು ದೊಡ್ಡದು

ಶುಕ್ರವಾರ ಸಂಜೆ ಐದಕ್ಕೆ ಭಾವ ಚಪ್ಪಲಿ ಕಾರ್ಖಾನೆಯವರಿಗೆ ಉತ್ತರ ಕೊಡಬೇಕಿತ್ತು. ಹೂಂ ಅಂದರೆ ಸೋಮವಾರದಿಂದ ಅವರಿಗೆ ಅಲ್ಲಿ ದಿನವಿಡೀ ಅಟ್ಟೆ ಅಂಟಿಸುವ ಕೆಲಸ, ಇಪ್ಪತ್ತು ವರ್ಷ ಕೈಯಾರೆ ಶೂ ಹೊಲಿದ ಅಂಗಡಿಗೆ ಬೀಗ.

ಅಂಗಡಿಯ ವೆಬ್‌ಸೈಟ್ ನನ್ನ ಜವಾಬ್ದಾರಿ. ದಿನಾ ಇನ್ನೂರು ಜನ ಬರುತ್ತಿದ್ದರು, ಕೊಳ್ಳುವವರು ವಾರಕ್ಕೊಬ್ಬರೂ ಇಲ್ಲ. ಕಾರಣ ಹುಡುಕಲು ನನ್ನ ಬಳಿ ಎರಡು ಸಾಧನಗಳಿದ್ದವು. ವರ್ಷದಿಂದ ಇದ್ದ ಪುಕ್ಕಟೆಯದು ಎಷ್ಟು ಜನ ಬಂದರು, ಎಲ್ಲಿಂದ ಬಂದರು ಎಂದು ಅಂಕಿ ಹೇಳುತ್ತಿತ್ತು. ಹದಿನಾಲ್ಕು ದಿನ ಪರೀಕ್ಷೆಗೆಂದು ಕೊಟ್ಟಿದ್ದ ಕಾಸಿನದು, ಬಂದವರು ಪುಟದಲ್ಲಿ ಎಲ್ಲೆಲ್ಲಿ ಒತ್ತಿದರೆಂದು ವಿಡಿಯೋದಂತೆ ತೋರಿಸುತ್ತಿತ್ತು. ಅದರ ಗಡುವೂ ಅವತ್ತೇ. ಕಾಸಿಗೆ ತಕ್ಕ ಕಜ್ಜಾಯ ಎಂದು ನಂಬಿದವಳು ನಾನು, ಬೆಳಗ್ಗಿನಿಂದ ಅದರ ಮುಂದೆಯೇ ಕೂತಿದ್ದೆ.

ಮೂರು ಗಂಟೆಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಒಬ್ಬರಲ್ಲ ಇಬ್ಬರಲ್ಲ, ಹನ್ನೊಂದು ಜನ ಒಂದೇ ತರಹ ಮಾಡಿದ್ದರು. ಶೂ ನೋಡುತ್ತಾರೆ, ಆರು, ಏಳು, ಎಂಟು ಎಂದು ನಂಬರ್ ಒತ್ತುತ್ತಾರೆ, ಹುಡುಕುವ ಜಾಗದಲ್ಲಿ ಏನೋ ಬರೆಯುತ್ತಾರೆ, ‘ಏನೂ ಸಿಗಲಿಲ್ಲ’ ಎಂದು ಬಂದೊಡನೆ ಹೊರಟುಹೋಗುತ್ತಾರೆ. ಬರೆದದ್ದೇನು ಎಂದು ನೋಡಿದರೆ ಬರೀ ಚುಕ್ಕಿ. ಜನರ ಗುಟ್ಟು ಕಾಯಲು ಆ ಸಾಧನ ಅಕ್ಷರಗಳನ್ನು ಮುಚ್ಚಿಡುತ್ತದೆ.

“ಅಕ್ಕಾ, ಬಾ ಇಲ್ಲಿ. ಸಿಕ್ತು, ಆದ್ರೆ ಸಿಕ್ಕಿಲ್ಲ.”

ಅಕ್ಕ ಕತ್ತರಿ ಹಿಡಿದೇ ಬಂದು ನೋಡಿದಳು. “ಕಾಸಿಂದು ಮುಚ್ಚಿಟ್ರೆ ಪುಕ್ಕಟೆದನ್ನ ಕೇಳು. ಅದಕ್ಕೇನು ನಾಚ್ಕೆ?”

ಅವಳು ಹೇಳಿದ್ದು ತಮಾಷೆಗೆ. ನಾನು ಪುಕ್ಕಟೆಯದರಲ್ಲಿ ವರ್ಷದಿಂದ ಒಮ್ಮೆಯೂ ತೆರೆಯದ ಮೂಲೆಗೆ ಹೋದೆ. ಜನ ಹುಡುಕಿದ ಪದಗಳ ಪಟ್ಟಿ ಅಲ್ಲಿತ್ತು. ‘ಎಡಗಾಲು ದೊಡ್ಡದು.’ ‘ಬಾತ ಪಾದ.’ ‘ಒಂದು ಏಳು, ಒಂದು ಎಂಟು.’ ಇಂಥವೇ ನೂರಾ ನಲವತ್ತಮೂರು.

“ಅಂಗೈಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪ ಹುಡುಕಿದ್ಯಲ್ಲೇ,” ಅಕ್ಕ ತಲೆಗೆ ಮೊಟಕಿದಳು.

ಖುಷಿಯ ಜೊತೆಗೆ ನಾಚಿಕೆಯೂ ಆಯಿತು. ಒಂದು ಸಾಧನಕ್ಕೆ ಕಣ್ಣಿತ್ತು, ಇನ್ನೊಂದಕ್ಕೆ ಕಿವಿ. ಬುದ್ಧಿ ನಾನು ಕೊಡಬೇಕಿತ್ತು. ಭಾವ ಯಾವತ್ತೂ ನಂಬರ್ ಕೇಳಿದವರಲ್ಲ. ಗಿರಾಕಿಯ ಎರಡೂ ಪಾದಗಳನ್ನು ಬೇರೆ ಬೇರೆ ಕಾಗದದ ಮೇಲಿಟ್ಟು, ಸುತ್ತ ಪೆನ್ಸಿಲ್ ಗೆರೆ ಎಳೆದು, ಎಡಕ್ಕೊಂದು ಬಲಕ್ಕೊಂದು ಅಳತೆಯಲ್ಲಿ ಹೊಲಿಯುತ್ತಾರೆ. ಅದು ಹಳೇ ಕಾಲದ್ದೆಂದು ಸೈಟಿನಲ್ಲಿ ಹಾಕದೆ, ಎಲ್ಲರಂತೆ ನಂಬರ್ ಜೋಡಿಸಿದ್ದವಳು ನಾನೇ.

ಭಾವ ಅಂಟು ಮೆತ್ತಿದ ಕೈ ಒರೆಸಿಕೊಂಡು ಬಂದು ಪಟ್ಟಿಯನ್ನು ನಿಧಾನವಾಗಿ ಓದಿದರು.

“ಇವರೆಲ್ಲ ನಮ್ಮ ಬಾಗಿಲಿಗೆ ಬಂದಿದ್ರಾ?”

“ಹೂಂ ಭಾವ. ಏನೂ ಇಲ್ಲ ಅಂತ ನಾನೇ ಕಳಿಸ್ಬಿಟ್ಟೆ.”

ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. “ಗೆರೆ ಎಳೆಯೋದನ್ನ ಫೋಟೋ ತೆಗಿ. ಮನೇಲೇ ಎಳೆದು ಕಳಿಸೋದು ಹೇಗೆ ಅಂತ ಬರಿ. ಬೇಗ.”

ಅಕ್ಕನ ಕಾಲನ್ನೇ ಕಾಗದದ ಮೇಲಿಟ್ಟೆವು. ಕಚಗುಳಿಗೆ ಅವಳು ನಕ್ಕು ನಕ್ಕು ಎರಡು ಕಾಗದ ಹಾಳಾದವು. ನಾಲ್ಕು ಗಂಟೆಗೆ ಹೊಸ ಪುಟ ಹಾಕಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಒಂದು ಇಮೇಲ್ ಬಂತು. ಎರಡು ಪಾದಗಳ ಗೆರೆಚಿತ್ರ. ಬಲಪಾದಕ್ಕೆ ಬೆರಳುಗಳೇ ಇರಲಿಲ್ಲ. ಕೆಳಗೆ ಒಂದೇ ಸಾಲು: ‘ಇದಕ್ಕೂ ಆಗುತ್ತದೆಯೇ?’

ಭಾವ ಅದನ್ನು ಪ್ರಿಂಟ್ ತೆಗೆಸಿ ಮೇಜಿನ ಮೇಲೆ ಹರಡಿಕೊಂಡರು. ಕಾರ್ಖಾನೆಯ ಫೋನ್ ಬಂದಾಗ ಪೆನ್ಸಿಲ್ ಕೈಯಲ್ಲೇ ಇತ್ತು.

“ಇಲ್ಲ ಸ್ವಾಮಿ, ಸೋಮವಾರ ಬರಕ್ಕಾಗಲ್ಲ,” ಅಂದರು. “ಅಂಗಡೀಲಿ ಒಬ್ಬರು ಕಾಯ್ತಿದ್ದಾರೆ.”