ಬರಿಗೈ

"ಕೆಮ್ಮಬೇಡ ಕಣೇ ಬೇವರ್ಸಿ. ಬಂದ್ರೆ ನುಂಗ್ಕೋ."

ಯಜಮಾನ ಇದನ್ನು ಪಿಸುಗುಟ್ಟಿದ. ವರ್ಷಗಟ್ಟಲೆ ಗಂಟಲು ಹರಿಯುವಂತೆ ಬೈದು ಅಭ್ಯಾಸವಾಗಿದ್ದ ಮನುಷ್ಯ, ಶೆಡ್ಡಿಗೆ ಕ್ಯಾಮೆರಾ ಬಂದ ಮೇಲೆ ಪಿಸುಮಾತಿನಲ್ಲಿ ಬೈಯುವ ವಿದ್ಯೆ ಕಲಿತಿದ್ದ. ತಲೆಯ ಮೇಲೆ ಮೈಕು ತೂಗುತ್ತಿತ್ತು. ಅದಕ್ಕೆ ನೀರಿನ ಸದ್ದು ಬೀಳಬೇಕು, ಬ್ರಷ್ಷು ಉಜ್ಜುವ ಸದ್ದು ಬೀಳಬೇಕು, ನೊರೆ ಒಡೆಯುವ ಸದ್ದು ಬೀಳಬೇಕು. ತಿಂಗಳ ದುಡ್ಡು ಕಟ್ಟಿ ನೋಡುವವರಿಗೆ ಬೇರೆ ಯಾವ ಸದ್ದೂ ಬೇಡ.

ಚೂಟಿ ಕೆಮ್ಮು ನುಂಗಿಕೊಂಡಳು. ಕಣ್ಣು ತುಂಬಿತು. ಅದಕ್ಕೇನೂ ಅಡ್ಡಿಯಿರಲಿಲ್ಲ, ಕಣ್ಣು ಕ್ಯಾಮೆರಾಕ್ಕೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಮೊಣಕೈಯಿಂದ ಕೆಳಗಿನ ಅವಳ ಎರಡು ಕೈ, ಆ ಕೈಯಲ್ಲಿನ ಬ್ರಷ್ಷು, ಬ್ರಷ್ಷಿನ ಕೆಳಗಿನ ಕಾರ್ಪೆಟ್ಟು. ಅಷ್ಟೇ.

ಮೊದಲು ಅದು ಬರೀ ಕಾರ್ಪೆಟ್ ತೊಳೆಯುವ ಶೆಡ್ಡಾಗಿತ್ತು. ಹೋಟೆಲುಗಳಿಂದ, ಆಫೀಸುಗಳಿಂದ, ದೊಡ್ಡವರ ಮನೆಗಳಿಂದ ತುಳಿಸಿಕೊಂಡು ಕಪ್ಪಾದ ಕಾರ್ಪೆಟ್ಟುಗಳು ಸುರುಳಿ ಸುತ್ತಿಕೊಂಡು ಬರುತ್ತಿದ್ದವು. ಚೂಟಿ, ದೊಡ್ಡಕ್ಕ ಮತ್ತು ಕುಳ್ಳಿ, ಈ ಮೂವರು ಹೆಂಗಸರು ಅವನ್ನು ಸಿಮೆಂಟಿನ ನೆಲದ ಮೇಲೆ ಹಾಸಿ ತೊಳೆದು, ಹಿಂಡಿ, ತಂತಿಗೆ ಏರಿಸುತ್ತಿದ್ದರು. ಆಗ ಕೈಗೆ ಉದ್ದದ ರಬ್ಬರ್ ಗವಸು ಇತ್ತು, ನಿಂತು ಉಜ್ಜಲು ಕೋಲಿನ ಬ್ರಷ್ಷಿತ್ತು. ಡಬ್ಬದಿಂದ ಬಕೆಟ್ಟಿಗೆ ಸುರಿದು ಕಲಸುವ ಆ ನೀರನ್ನು ಹೆಂಗಸರು ಉರಿನೀರು ಎಂದೇ ಕರೆಯುತ್ತಿದ್ದರು. ಯಜಮಾನ ಮಾತ್ರ ಸೋಪಿನ ನೀರು ಎನ್ನುತ್ತಿದ್ದ.

ಕ್ಯಾಮೆರಾ ತಂದವನು ಯಜಮಾನನ ಅಳಿಯ. ಕೈಹಾಕಿದ ವ್ಯಾಪಾರವನ್ನೆಲ್ಲ ಮುಳುಗಿಸಿ, ಮಾವನ ಮನೆಯ ಸೋಫಾದ ಮೇಲೆ ಫೋನು ಒತ್ತುತ್ತ ಬಿದ್ದುಕೊಂಡಿದ್ದ ಗಿರಾಕಿ ಅವನು. ಒಂದು ದಿನ ಹೊತ್ತು ಹೋಗದೆ ಶೆಡ್ಡಿಗೆ ಬಂದವನು ಚೂಟಿ ತೊಳೆಯುವುದನ್ನು ಫೋನಿನಲ್ಲಿ ಹಿಡಿದು ಲೋಕಕ್ಕೆ ಬಿಟ್ಟ. ಲೋಕ ಬಾಯಿ ಬಿಟ್ಟುಕೊಂಡು ನೋಡಿತು. ಕಪ್ಪು ನೀರು ಹರಿದು ಹೋಗಿ ಕೆಳಗಿನಿಂದ ಕೆಂಪು ಹೂವು, ಹಸಿರು ಬಳ್ಳಿ ಏಳುವುದನ್ನು ನೋಡಿದರೆ ಮನಸ್ಸು ಹಗುರಾಗುತ್ತದಂತೆ. ತಲೆನೋವು ಇಳಿಯುತ್ತದಂತೆ. ಗಂಡನ ಜೊತೆ ಜಗಳವಾಡಿದವರಿಗೆ ಸಮಾಧಾನವಾಗುತ್ತದಂತೆ. ಎಷ್ಟು ಸಮಾಧಾನವೆಂದರೆ, ಹಾಲಿನವನಿಗೆ ಕೊಡುವ ಹಾಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ನೇರಪ್ರಸಾರ ನೋಡಲು ಜನ ತಯಾರಾದರು.

ಅಳಿಯ ಸೋಫಾದಿಂದ ಎದ್ದ. ಗೋಡೆಗೆ ಬಿಳಿ ಬಣ್ಣ ಬಳಿಸಿದ, ದೀಪ ಹಾಕಿಸಿದ, ಕೋಲಿನ ಬ್ರಷ್ಷು ಮೂಲೆಗೆ ಎಸೆದು ಅಂಗೈ ಅಗಲದ ಬ್ರಷ್ಷು ತಂದ. ಗವಸನ್ನು ತಾನೇ ಚೂಟಿಯ ಕೈಯಿಂದ ಎಳೆದು ತೆಗೆದ.

"ಇದು ಬೇಡ. ಕಿರಕಿರ ಅಂತ ಸದ್ದು ಬರುತ್ತೆ. ಜನಕ್ಕೆ ಬರಿಗೈ ಬೇಕು."

"ಉರಿಯುತ್ತೆ ಸ್ವಾಮಿ."

"ಸೋಪಿನ ನೀರು ಕಣೇ ಅದು. ನಿನ್ನ ಕೈ ಏನು ಬೆಣ್ಣೇಲಿ ಮಾಡಿದ್ದಾ?"

ಜಾಸ್ತಿ ದುಡ್ಡು ಕಟ್ಟಿದ ಸದಸ್ಯರಿಗೆ ಅಪ್ಪಣೆ ಕೊಡುವ ಅಧಿಕಾರವೂ ಇತ್ತು. ಆ ಮೂಲೆ ಇನ್ನೊಂದು ಸಲ ಉಜ್ಜಲಿ, ನಿಧಾನ ಉಜ್ಜಲಿ, ನೊರೆಯನ್ನು ಕೈಯಲ್ಲಿ ಹಿಂಡಲಿ ಎಂದು ಅವರು ಬರೆಯುತ್ತಿದ್ದರು. ಅಳಿಯ ಅದನ್ನು ಫೋನಿನಲ್ಲಿ ಓದಿ, ಉದ್ದದೊಂದು ಕೋಲಿನಿಂದ ಚೂಟಿಯ ಹೆಗಲಿಗೆ ತಿವಿಯುತ್ತಿದ್ದ. ಎಡಗಡೆ ತಿವಿದರೆ ಎಡಕ್ಕೆ, ಬಲಗಡೆ ತಿವಿದರೆ ಬಲಕ್ಕೆ. ಬೆನ್ನಿಗೆ ತಿವಿದರೆ ನಿಧಾನ. ಎತ್ತು ಹೂಡುವವನಾದರೂ ಬಾಯಲ್ಲಿ ಒಂದು ಮಾತು ಆಡುತ್ತಾನೆ. ಇಲ್ಲಿ ಅದೂ ಇಲ್ಲ, ಮೈಕಿದೆ.

ಸದಸ್ಯರು ಹೆಚ್ಚಿದರು, ಕೊಳೆ ಸಾಲದಾಯಿತು. ದಿನವಿಡೀ ತೋರಿಸುವಷ್ಟು ಕೊಳಕು ಕಾರ್ಪೆಟ್ಟು ಎಲ್ಲಿಂದ ತರುವುದು? ಯಜಮಾನ ಅದಕ್ಕೂ ದಾರಿ ಹುಡುಕಿದ. ಬೆಳಿಗ್ಗೆ ತೊಳೆದು ಒಣಗಿಸಿದ್ದನ್ನೇ ಹಿತ್ತಲಿಗೆ ಎಳೆಸಿ, ಮೇಲೆ ಕೆಸರು, ಇದ್ದಲ ಪುಡಿ, ಗಾಡಿಯ ಹಳೆ ಆಯಿಲ್ಲು ಸುರಿಸಿದ. ಮೂವರು ಹೆಂಗಸರು ಅದರ ಮೇಲೆ ನಡೆದು ತುಳಿಯಬೇಕು, ಮಧ್ಯಾಹ್ನಕ್ಕೆ ಮತ್ತೆ ತೊಳೆಯಬೇಕು.

"ನಮ್ಮ ಯಜಮಾನ್ರಿಗೆ ಕೊಳೆಗೂ ಬರ ಬಂತು ನೋಡ್ರೇ," ಎಂದಳು ದೊಡ್ಡಕ್ಕ, ಕೆಸರು ತುಳಿಯುತ್ತ. "ಅವರ ಮನಸ್ಸು ಬಿಚ್ಚಿ ಹಾಸಿದ್ರೆ ಸಾಕಾಗಿತ್ತು. ವರ್ಷಗಟ್ಟಲೆ ಉಜ್ಜಬಹುದಿತ್ತು."

ಕುಳ್ಳಿ ನಕ್ಕಳು. ಚೂಟಿಗೆ ನಗು ಬರಲಿಲ್ಲ. ಅವಳು ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು. ಬೆರಳ ತುದಿಯ ಚರ್ಮ ಈರುಳ್ಳಿ ಸಿಪ್ಪೆಯಂತೆ ಏಳುತ್ತಿತ್ತು. ಉಗುರಿನ ಬುಡ ಹಳದಿಯಾಗಿತ್ತು. ಆ ಬೆಳಿಗ್ಗೆ ಮಗಳ ತಲೆ ಬಾಚಲು ಹೋದರೆ ಕೂದಲು ಬೆರಳಿನ ಸೀಳಿಗೆ ಸಿಕ್ಕಿಕೊಂಡು ಹುಡುಗಿ ಚೀರಿದ್ದಳು. "ಬಿಡಮ್ಮ, ನಾನೇ ಬಾಚ್ಕೋತೀನಿ." ಆಮೇಲೆ ತಾಯಿಯ ಮುಖ ನೋಡಿ, "ನನಗೂ ಬರುತ್ತಲ್ಲ ಈಗ," ಎಂದು ಸೇರಿಸಿದ್ದಳು.

ಯಜಮಾನನ ಮನೆಗೆ ಹೊಸ ಮಹಡಿ ಎದ್ದಿತು. ಚೂಟಿ ಕೂಲಿ ಹೆಚ್ಚಿಸಲು ಕೇಳಿದಳು. ಕೈ ಅವಳದು, ನೋಡುವವರು ಅವಳ ಕೈಯನ್ನೇ ನೋಡುತ್ತಿದ್ದರು, ಹಾಗಾಗಿ ಕೇಳಬಹುದು ಎಂದುಕೊಂಡಿದ್ದಳು.

ಯಜಮಾನ ಕಾಫಿ ಕುಡಿಯುತ್ತಿದ್ದ. ಲೋಟ ಇಳಿಸಲಿಲ್ಲ.

"ನಿನ್ನ ಮುಖ ಯಾರಾದ್ರೂ ನೋಡಿದಾರಾ?"

"ಇಲ್ಲ."

"ನಿನ್ನ ಹೆಸರು ಗೊತ್ತಾ ಯಾರಿಗಾದ್ರೂ?"

"ಇಲ್ಲ."

"ಮತ್ತೆ? ನಾಳೆ ಕುಳ್ಳೀನ ಕೂರಿಸ್ತೀನಿ. ಯಾವ ನನ್ಮಗನಿಗೂ ಗೊತ್ತಾಗಲ್ಲ. ಹೋಗು, ಇಷ್ಟು ದಿನ ಅನ್ನ ಹಾಕಿದೀನಲ್ಲ, ಅದನ್ನ ನೆನೆಸ್ಕೋ."

ಆ ವಾರವೇ ಚೂಟಿಯ ಅತ್ತೆಯ ಕಣ್ಣಿನ ಪೊರೆ ಬಲಿತು, ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಬಿಟ್ಟಿ ಆಪರೇಷನ್ ಬೇಕಾದರೆ ಮನೆಯವರಲ್ಲಿ ದುಡಿಯುವವರೊಬ್ಬರು ಬೆರಳೊತ್ತಿ ಗುರುತು ತೋರಿಸಬೇಕು. ಚೂಟಿ ಗಾಜಿನ ಮೇಲೆ ಹೆಬ್ಬೆರಳಿಟ್ಟಳು. ಯಂತ್ರ ಗೊಣಗಿತು. ತೋರುಬೆರಳಿಟ್ಟಳು. ಮತ್ತೆ ಗೊಣಗಿತು. ಕಿಟಕಿಯ ಹಿಂದಿದ್ದ ಗುಮಾಸ್ತ ಒಂದು ಬಟ್ಟೆಚೂರು ಎಸೆದು, "ಒರಸು," ಎಂದ. ಒರಸಿದಳು. ಹತ್ತೂ ಬೆರಳು ಒತ್ತಿಸಿದ ಮೇಲೆ ಅವನು ಕುರ್ಚಿಗೆ ಒರಗಿದ.

"ಗೆರೆಗಳೇ ಇಲ್ಲವಲ್ಲಮ್ಮ. ನಿನ್ನ ಹೆಸರಲ್ಲಿ ನೀನೇ ಇಲ್ಲ."

"ಇಲ್ಲೇ ನಿಂತಿದೀನಲ್ಲ ಸಾರ್."

"ನನಗೆ ಕಾಣಿಸ್ತಿದೀಯ. ಮಿಷನ್ನಿಗೆ ಕಾಣಿಸ್ಬೇಕಲ್ಲ. ಮುಂದೆ ಯಾರಪ್ಪ?"

ಅತ್ತೆ ಸೊಸೆಯ ಮೊಣಕೈ ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲಿಳಿದಳು. "ಏನಂದ ಅವನು?" ಎಂದು ಕೇಳಿದಳು. "ಇನ್ನೊಂದಿನ ಬರೋಕೆ ಹೇಳಿದ," ಎಂದಳು ಚೂಟಿ.

ಮಾರನೆಯ ವಾರ ಶೆಡ್ಡಿಗೆ ಒಬ್ಬ ಮೇಡಂ ಬರುವ ಸುದ್ದಿ ಬಂತು. ಮೊದಲ ದಿನದಿಂದಲೂ ಸದಸ್ಯೆ, ಎಲ್ಲರಿಗಿಂತ ಹೆಚ್ಚು ಕಟ್ಟುವವಳು. ಆ ಕೈಗಳನ್ನು ಕಣ್ಣಾರೆ ನೋಡಬೇಕು, ಅವುಗಳ ಪಕ್ಕ ಕೂರಬೇಕು, ಅದು ನೇರಪ್ರಸಾರವಾಗಬೇಕು ಎಂದು ಅವಳೇ ಬರೆದಿದ್ದಳಂತೆ. ಅಳಿಯ ಕುಣಿದಾಡಿದ. ಹಿತ್ತಲಿನ ಆಯಿಲ್ ಡಬ್ಬಗಳ ಮೇಲೆ ಚೀಲ ಹೊದಿಸಿದರು. ಚೂಟಿಗೆ ಹೊಸ ಸೀರೆ ಕೊಡಿಸಿದರು, ಸೆರಗಿನ ಚೀಟಿ ಕೀಳದಂತೆ ಹೇಳಿದರು. ಸಂಜೆ ಅಂಗಡಿಗೆ ವಾಪಸು ಕೊಡಬೇಕಿತ್ತು.

ಮೇಡಂ ಮೃದು ಮಾತಿನವಳು. ಒಳಗೆ ಕಾಲಿಡುತ್ತಲೇ ಡಬ್ಬದ ವಾಸನೆಗೆ ಕರವಸ್ತ್ರ ಮೂಗಿಗೆ ಹೋಯಿತು. ಆದರೂ ನಗು ಬಿಡಲಿಲ್ಲ. ಅವಳಿಗೆಂದು ತಂದಿದ್ದ ಸ್ಟೂಲನ್ನು ಬದಿಗೆ ಸರಿಸಿ, ಚೂಟಿಯ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಕ್ಯಾಮೆರಾ ಓಡತೊಡಗಿತು.

"ನಿಮಗೆ ಗೊತ್ತಿಲ್ಲ, ನಿಮ್ಮ ಕೈ ನನಗೆ ಎಷ್ಟು ಒಳ್ಳೇದು ಮಾಡಿದೆ ಅಂತ," ಎಂದಳು. "ನನ್ನ ಗಂಡ ಹೋದಾಗ ಔಷಧಿ ಇಲ್ದೆ ನಿದ್ದೇನೇ ಬರ್ತಿರ್ಲಿಲ್ಲ. ನೀವು ತೊಳೆಯೋದನ್ನ ನೋಡ್ತಾ ನೋಡ್ತಾ ಮಲಗ್ತಿದ್ದೆ."

ಚೂಟಿ ತಲೆಯಾಡಿಸಿದಳು. ಈ ಹೆಂಗಸು ಸುಳ್ಳು ಹೇಳುತ್ತಿಲ್ಲ ಎಂಬುದು ಅವಳಿಗೆ ಕಂಡಿತು. ಅದೇ ಅವಳನ್ನು ಹೆಚ್ಚು ಕೆರಳಿಸಿತು.

ಮೇಡಂ ಚೀಲದಿಂದ ಸಣ್ಣ ಡಬ್ಬಿ ತೆಗೆದಳು. ಕೈಗೆ ಹಚ್ಚುವ ಕ್ರೀಮು. "ಇದನ್ನ ದಿನಾ ಹಚ್ಕೊಳ್ಳಿ. ಇತ್ತೀಚೆಗೆ ಕೈ ಒಂಚೂರು ಒಡೆದಿರೋ ಹಾಗೆ ಕಾಣ್ತಿದೆ. ನೋಡೋವಾಗ ಒಂಥರಾ ಆಗುತ್ತೆ. ತಪ್ಪು ತಿಳ್ಕೋಬೇಡಿ."

"ಇಲ್ಲಮ್ಮ."

"ಮತ್ತೆ ಕೆಮ್ಮಿಗೂ ಏನಾದ್ರೂ ತಗೊಳ್ಳಿ. ಒಳ್ಳೆ ನಿದ್ದೆ ಹತ್ತೋ ಹೊತ್ತಿಗೆ ಒಂದೊಂದ್ಸಲ ಎಚ್ಚರ ಆಗ್ಬಿಡುತ್ತೆ."

ಹಿಂದೆ ನೀರಿನ ಪೈಪು ಹಿಡಿದು ನಿಂತಿದ್ದ ದೊಡ್ಡಕ್ಕ ಗಂಟಲೊಳಗೆ ಏನೋ ಗುರುಗುಟ್ಟಿದಳು. ಅಳಿಯ ಅವಳತ್ತ ಕೋಲು ಆಡಿಸಿದ.

"ನಾನೂ ಒಂದು ಸಲ ಉಜ್ಜಲಾ?" ಎಂದಳು ಮೇಡಂ. "ಎಷ್ಟು ದಿನದ ಆಸೆ."

ಅಳಿಯ ಹೆಬ್ಬೆರಳೆತ್ತಿ ತೋರಿಸಿದ. ಫೋನಿನಲ್ಲಿ ಜನ ಸಂತೋಷದಿಂದ ಏನೇನೋ ಬರೆಯುತ್ತಿದ್ದರು. ಅವನು ಹುಟ್ಟಿದಾಗಿನಿಂದ ಒಂದು ದಿನವೂ ಆ ಬಕೆಟ್ಟಿಗೆ ಬೆರಳು ಅದ್ದಿದವನಲ್ಲ. ಮಾವ ಹೇಳಿದ್ದನ್ನು ನಂಬಿದ್ದನೋ ಏನೋ.

ಮೇಡಂ ತೋಳಿನ ಬಟ್ಟೆ ಮೇಲಕ್ಕೆ ಮಡಿಸಿದಳು, ಉಂಗುರ ಬಿಚ್ಚಿ ಚೀಲಕ್ಕೆ ಹಾಕಿದಳು. ಬಿಳುಪಾದ, ನೀಳವಾದ, ಒಂದು ಗೀರಿಲ್ಲದ ಕೈ. ಚೂಟಿ ಅದನ್ನೇ ನೋಡಿದಳು. ಬೇಡಮ್ಮ ಎನ್ನಬಹುದಿತ್ತು. ಹಾಗೆನ್ನಲು ಬಾಯಿ ತೆರೆದೂ ಇತ್ತು. ಅವಳು ಬಾಯಿ ಮುಚ್ಚಿಕೊಂಡು ಬಕೆಟ್ಟನ್ನು ಮೇಡಂ ಮುಂದಕ್ಕೆ ಸರಿಸಿದಳು.

"ಮುಳುಗಿಸಿ ಅಮ್ಮ," ಎಂದಳು. "ಪೂರ್ತಿ ಮುಳುಗಿಸ್ಬೇಕು."

ಹೊರಗೆ ಮೇಡಂ ಡ್ರೈವರನ ಜೊತೆ ಹಲ್ಲು ಕಿಸಿಯುತ್ತ ನಿಂತಿದ್ದ ಯಜಮಾನ ಆ ಕ್ಷಣ ಒಳಗೆ ಇಣುಕಿದ. ಕಣ್ಣಿಗೆ ಬಿದ್ದುದು ನೊರೆಯತ್ತ ಇಳಿಯುತ್ತಿದ್ದ ಆ ಕೈ. ಅವನಿಗೆ ಮೈಕು ಮರೆತುಹೋಯಿತು, ಪಿಸುಮಾತು ಮರೆತುಹೋಯಿತು.

"ಬೇಡ ಮೇಡಂ, ತೆಗೀರಿ, ತೆಗೀರಿ ಕೈನ. ಸುಟ್ಟು ಹೋಗುತ್ತೆ, ಆಸಿಡ್ಡಿದೆ ಅದ್ರಲ್ಲಿ."

ಶೆಡ್ಡಿನ ತಗಡು ಆ ಕೂಗಿಗೆ ಅದುರಿತು. ಮೇಡಂ ಕೈಯನ್ನು ಎದೆಗೆ ಎಳೆದುಕೊಂಡಳು. ಒಂದು ಹನಿ ಎಲ್ಲೋ ಸಿಡಿದಿತ್ತು. ಮುಂಗೈ ಮೇಲೆ ಒರಸಿದಳು, ಮತ್ತೆ ಒರಸಿದಳು, ಅಲ್ಲೊಂದು ಕೆಂಪು ಚುಕ್ಕೆ ಎದ್ದಿತು. ಅವಳು ಅದನ್ನು ನೋಡಿದಳು. ಆಮೇಲೆ ಚೂಟಿಯ ಕೈ ನೋಡಿದಳು, ಇಷ್ಟು ದಿನ ನೋಡಿರದವಳಂತೆ.

"ವೀಡಿಯೋ ಕೆಳಗೆ ಸೋಪಿನ ನೀರು ಅಂತ ಬರೆದಿದ್ರಲ್ಲ," ಎಂದಳು ಯಜಮಾನನಿಗೆ. "ಇವರು ದಿನಾ..."

"ಅಯ್ಯೋ, ಅವರಿಗೆ ಏನಾಗಲ್ಲ ಮೇಡಂ." ಯಜಮಾನ ಓಡಿಬಂದು ನಗಲು ನೋಡಿದ. "ಆ ಜನದ ಚರ್ಮಾನೇ ಬೇರೆ. ಅಪ್ಪ ಅಜ್ಜನ ಕಾಲದಿಂದ ಇದೇ ಕೆಲಸ, ಮೈಗೆ ಒಗ್ಗಿಬಿಟ್ಟಿದೆ. ನಿಮ್ಮದು ಸೂಕ್ಷ್ಮ. ಏಳಿ, ತಣ್ಣೀರು ಹಾಕೋಣ. ಏ ಮುಂಡೆ, ನೀರು ತಾರೇ, ನೋಡ್ತಾ ಕೂತಿದಾಳೆ."

ಅವನು ಮೇಡಮ್ಮನ್ನು ಎಬ್ಬಿಸಲು ಬಗ್ಗಿ ಕೈ ಚಾಚಿದ. ಚೂಟಿ ಆ ಕೈಯ ಮಣಿಕಟ್ಟು ಹಿಡಿದಳು.

ಅವಳು ಯೋಚಿಸಿ ಹಿಡಿದದ್ದಲ್ಲ. ಆದರೆ ಹಿಡಿದ ಮೇಲೆ ಬಿಡಬೇಕೆನಿಸಲಿಲ್ಲ. ನೀರು ಕುಡಿದು ಹೆಣದಂತಾದ ಕಾರ್ಪೆಟ್ಟುಗಳನ್ನು ಹಿಂಡಿ ಹಿಂಡಿ ಬಲಿತ ಹಿಡಿತ ಅದು. ಯಜಮಾನ ಕೊಸರಿದ, ಜಾರಿ ಸಿಮೆಂಟಿನ ಮೇಲೆ ಮೊಣಕಾಲೂರಿದ.

"ಬಿಡೇ ಬೋಳಿ. ಏನ್ ಬಂದಿದೆ ನಿನಗೆ?"

"ಚರ್ಮ ಬೇರೆ ಅಂದ್ರಲ್ಲ," ಎಂದಳು ಚೂಟಿ. ದನಿ ಏರಲಿಲ್ಲ. ನುಂಗಿಕೊಂಡಿದ್ದ ಕೆಮ್ಮೆಲ್ಲ ಒಟ್ಟಿಗೆ ಬಂತು. ಮೈಕಿನ ಕೆಳಗೇ ಕೆಮ್ಮಿದಳು, ಬೇಕಾದಷ್ಟು ಹೊತ್ತು ಕೆಮ್ಮಿದಳು, ಹಿಡಿತ ಮಾತ್ರ ಸಡಿಲಿಸದೆ ಆ ಕೈಯನ್ನು ಬಕೆಟ್ಟಿನತ್ತ ಎಳೆದಳು. "ಹೌದಾ ಅಲ್ವಾ ನೋಡೇಬಿಡೋಣ. ಎಲ್ಲರೂ ದುಡ್ಡು ಕೊಟ್ಟು ಕೂತಿದಾರೆ."

ಮೇಡಂ ಗೋಡೆಗೆ ಒತ್ತಿ ನಿಂತಿದ್ದಳು. ಕುಳ್ಳಿ ತನ್ನ ಬ್ರಷ್ಷು ಕೆಳಗಿಟ್ಟು ಬಂದು ಬಕೆಟ್ಟು ಮಗುಚದಂತೆ ಎರಡು ಕೈಯಲ್ಲಿ ಹಿಡಿದುಕೊಂಡು ಕೂತಳು. ದೊಡ್ಡಕ್ಕ ಪೈಪು ಬಿಸಾಡಿ, ಡ್ರೈವರ್ ಒಳಗೆ ಬರುವುದರೊಳಗೆ ಶೆಡ್ಡಿನ ಬಾಗಿಲೆಳೆದು ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಎಲೇ ದರಿದ್ರದವನೇ, ಅದನ್ನ ಆಫ್ ಮಾಡೋ," ಎಂದು ಯಜಮಾನ ಅಳಿಯನಿಗೆ ಅರಚಿದ. ಅವನ ಬೆರಳ ತುದಿಗೂ ನೊರೆಗೂ ನಡುವೆ ಒಂದು ಗೇಣೂ ಉಳಿದಿರಲಿಲ್ಲ. "ಆಫ್ ಮಾಡಿ ಬಂದು ಬಿಡಿಸೋ ಇವಳನ್ನ."

ಅಳಿಯ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಕೈಯಲ್ಲಿದ್ದ ಫೋನು ಟಿಂಗ್ ಎಂದಿತು. ನೋಡಿದ. ಇನ್ನೊಂದು ಟಿಂಗ್. ಆಮೇಲೆ ಬಿಡುವಿಲ್ಲದೆ ಬಡಿಯತೊಡಗಿತು.

"ಒಂದ್ನಿಮಿಷ ಮಾವ," ಎಂದ, ಕಣ್ಣು ಫೋನಿನಿಂದ ಕೀಳದೆ. "ಹೊಸಬರು ಸೇರ್ತಿದಾರೆ. ಇಡೀ ತಿಂಗಳಿಗೆ ಕಟ್ಟಿ ಸೇರ್ತಿದಾರೆ. ಇಷ್ಟು ಜನ ಯಾವತ್ತೂ ಬಂದಿರ್ಲಿಲ್ಲ."

ಚೂಟಿ ಯಜಮಾನನ ಕೈಯನ್ನು ಇನ್ನೊಂದಿಷ್ಟು ಕೆಳಗೆ ಒತ್ತಿದಳು.

ಅಳಿಯ ಹಿಂದಕ್ಕೆ ಹೋಗಿ, ಕ್ಯಾಮೆರಾದ ಕುತ್ತಿಗೆ ಬಗ್ಗಿಸಿ, ಬಕೆಟ್ಟಿನ ಬಾಯಿ ಚೆನ್ನಾಗಿ ಕಾಣುವಂತೆ ತಿರುಗಿಸಿದ.